ಗುಡ್ಡದ ಫೈಲಿನ ಮೇಲೆ ನನ್ನ ಗಂಡನ ಪದಕ

ಕಾರವಾರದಲ್ಲಿ ಕುಳಿತು ಅಂಕೋಲೆಯ ಗುಡ್ಡಗಳ ಫೈಲು ನೋಡುವ ಮಾನ್ಯರೇ,

ಮೇ ತಿಂಗಳ ಇಪ್ಪತ್ತೇಳರಂದು ನೀವು ಮುಚ್ಚಿದ ಒಂದು ಫೈಲನ್ನು ಮತ್ತೆ ತೆರೆಯಿರಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಅಗಸೂರಿನಿಂದ ರಾಮನಗುಳಿಯ ಕಡೆಗೆ ಹೋಗುವಾಗ ರಸ್ತೆಯ ಬದಿಯಲ್ಲಿ ಮಕ್ಕಿಕೊಪ್ಪ ಎಂಬ ಇಪ್ಪತ್ತಾರು ಮನೆಗಳ ಕೇರಿಯಿದೆ. ಕೇರಿಯ ಬೆನ್ನಿಗೆ ಗುಡ್ಡವಿದೆ. ಆ ಗುಡ್ಡದಿಂದ ಅಪಾಯವಿಲ್ಲ ಎಂದು ನಿಮ್ಮ ಕಚೇರಿ ತೀರ್ಮಾನ ಮಾಡಿದೆ. ತೀರ್ಮಾನಕ್ಕೆ ನೀವು ಕೊಟ್ಟ ಆಧಾರ ಒಂದೇ ಒಂದು: “ಯುದ್ಧೇತರ ವಿಶಿಷ್ಟ ಸೇವೆಗಾಗಿ ಪದಕ ಪಡೆದಿರುವ, ಭೂಕುಸಿತದ ವಿಷಯದಲ್ಲಿ ಅನುಭವವುಳ್ಳ ಸ್ಥಳೀಯ ಮಾಜಿ ಸೈನಿಕರೇ ಗುಡ್ಡವು ಚಲಿಸಿಲ್ಲವೆಂದು ಲಿಖಿತವಾಗಿ ತಿಳಿಸಿರುತ್ತಾರೆ.” ಆ ಮಾಜಿ ಸೈನಿಕ ನನ್ನ ಗಂಡ. ಆ ಪದಕ ನಮ್ಮ ಮನೆಯ ಟ್ರಂಕಿನಲ್ಲಿದೆ. ಆ ವರದಿ ತಪ್ಪು. ಯಾಕೆ ತಪ್ಪಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ. ಆದರೂ ನಾಲ್ಕು ಜನರೆದುರು ಹೇಳುತ್ತೇನೆ, ಏಕೆಂದರೆ ನಿಮ್ಮ ಕಿವಿಯಲ್ಲಿ ಹೇಳಿದ್ದು ನಿಮಗೆ ಕೇಳಿಸಲಿಲ್ಲ.

ಅದಕ್ಕೂ ಮೊದಲು ಒಂದು ಮಾತು. ನನಗೆ ಹೆದರಿಕೆಯಾಗಿದೆ. ಬಹಿರಂಗ ಪತ್ರ ಬರೆಯುವವರು ಸಾಮಾನ್ಯವಾಗಿ ಖಂಡಿಸುತ್ತಾರೆ, ಆಗ್ರಹಿಸುತ್ತಾರೆ, ಎಚ್ಚರಿಸುತ್ತಾರೆ. ನಾನು ಅವೆಲ್ಲವನ್ನೂ ಮಾಡುವವಳೇ, ಆದರೆ ಹೆದರಿಕೊಂಡೇ ಮಾಡುವವಳು. ನಾನು ಮಕ್ಕಿಕೊಪ್ಪದ ಅಂಗನವಾಡಿ ಕಾರ್ಯಕರ್ತೆ. ನನ್ನ ಕೇಂದ್ರ ಗುಡ್ಡದ ಬುಡದಲ್ಲಿದೆ. ಹಿಂಬದಿಯ ಗೋಡೆಗೂ ಗುಡ್ಡದ ಮಣ್ಣಿಗೂ ನಡುವೆ ಒಬ್ಬ ಮನುಷ್ಯ ಅಡ್ಡ ಮಲಗುವಷ್ಟು ಜಾಗ. ಬೆಳಿಗ್ಗೆ ಒಂಬತ್ತೂವರೆಗೆ ಹತ್ತೊಂಬತ್ತು ಮಕ್ಕಳು ಆ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂರುತ್ತಾರೆ. ಇಂಥ ಪತ್ರ ಬರೆದರೆ ನನ್ನ ಕೆಲಸ ಹೋಗಬಹುದೆಂಬ ಹೆದರಿಕೆಯೂ ಇದೆ. ಎರಡು ಹೆದರಿಕೆಗಳಲ್ಲಿ ದೊಡ್ಡದು ಯಾವುದೆಂದು ತೀರ್ಮಾನಿಸಲು ನನಗೆ ಒಂದು ವಾರ ಬೇಕಾಯಿತು. ಆ ವಾರ ದಂಡವಾಯಿತು ಎಂದು ಈಗ ಅನಿಸುತ್ತಿದೆ.

ಈಗ ಪದಕದ ವಿಷಯ. ಗಂಡನ ಹೆಸರು ಬಾಯಲ್ಲಿ ಹೇಳುವ ರೂಢಿ ನಮ್ಮಲ್ಲಿಲ್ಲ, ಅರ್ಜಿಯಲ್ಲಿ ಮಾತ್ರ ಬರೆಯುತ್ತೇವೆ. ಅವರ ಹೆಸರು ಜಟ್ಟ ಗೌಡ. ಹತ್ತೊಂಬತ್ತನೆಯ ವಯಸ್ಸಿಗೆ ಸೈನ್ಯ ಸೇರಿ, ಇಪ್ಪತ್ತೆರಡು ವರ್ಷ ರಸ್ತೆ, ಸೇತುವೆ ಕಟ್ಟುವ ತುಕಡಿಯಲ್ಲಿ ದುಡಿದು, ಒಬ್ಬ ಶತ್ರುವಿನ ಮುಖವನ್ನೂ ನೋಡದೆ ಮನೆಗೆ ಬಂದವರು. ಪದಕ ಬಂದ ವರ್ಷ ಅಗಸೂರಿನಲ್ಲಿ ಚಾದಂಗಡಿ ಇಟ್ಟಿರುವ ಮಂಗೇಶಣ್ಣ ಎಲ್ಲರೆದುರು ಕೇಳಿದ್ದ: “ಅಲ್ಲಾ ಮಾರಾಯಾ, ಗುಂಡು ಹಾರಿಸ್ದೆ ಪದಕ ಹ್ಯಾಂಗ್ ಬಂತು? ಅಡುಗೆ ಚಂದ ಮಾಡಿದ್ದಕ್ಕಾ?” ನನ್ನ ಗಂಡ ನಕ್ಕರು. ಅವರಿಗೆ ಹೇಳಲು ಬರುವುದಿಲ್ಲ. ನಾನು ಹೇಳುತ್ತೇನೆ.

ಉತ್ತರದ ಗಡಿಯ ಒಂದು ಕಣಿವೆಯಲ್ಲಿ ಅವರ ತುಕಡಿ ರಸ್ತೆ ಮಾಡುತ್ತಿತ್ತು. ರಸ್ತೆಗೆ ಕೂಲಿ ಮಾಡುವ ನೂರಾ ಹನ್ನೆರಡು ಜನ, ಹೆಂಗಸರು, ಕೈಗೂಸುಗಳು ಸೇರಿ, ಗುಡ್ಡದ ಕೆಳಗೆ ತಗಡಿನ ಶೆಡ್ಡುಗಳಲ್ಲಿ ಇದ್ದರು. ಗುಡ್ಡದ ಮೇಲೆ ನೇರ ಸಾಲಿಗೆ ಗೂಟ ಹೊಡೆದು, ವಾರಕ್ಕೊಮ್ಮೆ ಒಂದು ಕಣ್ಣು ಮುಚ್ಚಿ ಸಾಲು ನೋಡುವುದು ನನ್ನ ಗಂಡನ ಕೆಲಸ. ನೆಲ ಗಟ್ಟಿಯಿದ್ದರೆ ಸಾಲು ಸಾಲಾಗಿಯೇ ಇರುತ್ತದೆ. ನೆಲ ಜಾರತೊಡಗಿದರೆ ನಡುವಿನ ಗೂಟಗಳು ಕೆಳಗಿಳಿಯುತ್ತವೆ. ಒಂದು ದಿನ ಸಾಲು ಹೊಟ್ಟೆ ಬಿಟ್ಟಿತ್ತು, ಶೆಡ್ಡಿನ ಹಿಂದಿನ ಒರತೆಯ ನೀರು ಕೆಂಪಗಾಗಿತ್ತು. ಅವರು ತಮ್ಮ ಸಾಹೇಬರಿಗೆ ಹೇಳಿದರು. ಸಾಹೇಬರಿಗೆ ಇಪ್ಪತ್ತಾರರ ಪ್ರಾಯ. ಆ ಸಾಹೇಬರು ನಗಲಿಲ್ಲ, ಅರ್ಜಿ ಕೇಳಲಿಲ್ಲ, ಮೇಲಿನವರಿಗೆ ಬರೆದು ಉತ್ತರಕ್ಕೆ ಕಾಯಲಿಲ್ಲ. ನನ್ನ ಗಂಡ ನಿಂತ ಜಾಗದಲ್ಲೇ ನಿಂತು, ತಾವೂ ಒಂದು ಕಣ್ಣು ಮುಚ್ಚಿ ಸಾಲು ನೋಡಿದರು. ಮೂರು ಗಂಟೆಯೊಳಗೆ ನೂರಾ ಹನ್ನೆರಡು ಜನರನ್ನೂ ಹೊಳೆಯಾಚೆಗೆ ದಾಟಿಸಿದರು. ಮರುದಿನ ನಾಲ್ಕು ಗಂಟೆಗೆ ಗುಡ್ಡ ಬಂತು. ನನ್ನ ಗಂಡ ಆಚೆ ದಡದಲ್ಲಿ ನಿಂತು ಎಣಿಸಿದರಂತೆ. ಮೊದಲ ಕಲ್ಲು ಉರುಳಿದಲ್ಲಿಂದ ಕೊನೆಯ ಶೆಡ್ಡು ಮಾಯವಾಗುವವರೆಗೆ ಹನ್ನೊಂದು. ಒಂದು ಜೀವವೂ ಹೋಗಲಿಲ್ಲ. ಅದಕ್ಕೆ ಆ ಪದಕ.

ಮಾನ್ಯರೇ, ಈ ಹನ್ನೊಂದು ಎಂಬ ಅಂಕಿಯನ್ನು ದಯವಿಟ್ಟು ನೆನಪಿಡಿ. ನಾನು ಅದಕ್ಕೆ ಮತ್ತೆ ಬರುತ್ತೇನೆ.

ಮೂರು ವರ್ಷದ ಹಿಂದೆ ರಸ್ತೆ ಅಗಲ ಮಾಡಲು ನಮ್ಮ ಗುಡ್ಡದ ಕಾಲು ಕಡಿದರು. ಯಾರು ಕಡಿದರು, ಯಾರು ಕಡಿಯಲು ಹೇಳಿದರು ಎಂಬ ಪಂಚಾಯಿತಿಗೆ ನಾನು ಹೋಗುವುದಿಲ್ಲ. ನನಗೆ ರಸ್ತೆಯೂ ಬೇಕು. ಕಳೆದ ಅಕ್ಟೋಬರಿನಲ್ಲಿ ಗುಡ್ಡದ ಮೇಲಿನ ಬೇಣದಲ್ಲಿ, ಅಂದರೆ ನಾವು ದನ ಬಿಡುವ ಹುಲ್ಲುಗಾವಲಿನಲ್ಲಿ, ನನ್ನ ಗಂಡ ಒಂದು ಬಿರುಕು ಕಂಡರು. ಕೈ ಒಳಗೆ ಹೋಗುವಷ್ಟು ಅಗಲ, ನಲವತ್ತು ಹೆಜ್ಜೆ ಉದ್ದ. ನವೆಂಬರಿನಲ್ಲಿ ನಿಮಗೆ ಅರ್ಜಿ ಕೊಟ್ಟರು. ಅದಕ್ಕೆ ಸ್ವೀಕೃತಿಯ ಮುದ್ರೆ ಬಿತ್ತು, ಮತ್ತೇನೂ ಬೀಳಲಿಲ್ಲ. ನಮ್ಮ ತಾಲೂಕಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಹೊಳೆಗೆ ಇಳಿದ ಆ ಮಳೆಗಾಲವನ್ನು ನೀವು ಮರೆತಿರಲಿಕ್ಕಿಲ್ಲ. ನಾವಂತೂ ಮರೆತಿಲ್ಲ. ಈಗಲೂ ಬಸ್ಸು ಆ ತಿರುವಿಗೆ ಬಂದರೆ ಒಳಗೆ ಕೂತವರೆಲ್ಲ ಕತ್ತೆತ್ತಿ ಗುಡ್ಡ ನೋಡುತ್ತಾರೆ.

ಅರ್ಜಿಗೆ ಬಾರದ ಉತ್ತರ ಪದಕಕ್ಕೆ ಬಂತು. ಜನವರಿ ಇಪ್ಪತ್ತಾರರ ಸನ್ಮಾನಕ್ಕೆ ಊರೂರಿನ ಪದಕ ವಿಜೇತರ ಪಟ್ಟಿ ತಯಾರಾಯಿತು, ನನ್ನ ಗಂಡನಿಗೆ ಕರೆ ಬಂತು. ಕಾರವಾರಕ್ಕೆ ಹೋದೆವು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಗುಂಡು ಹಾರಿಸದೆ ನೂರಾರು ಜೀವ ಉಳಿಸಿದ ವೀರರೆಂದು ನೀವು ಎಂಟು ನಿಮಿಷ ಮಾತಾಡಿದಿರಿ. ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ಚಾ ಕುಡಿಯುವಾಗ ನನ್ನ ಗಂಡ ಶಾಲಿನ ಒಳಗಿಂದ ನವೆಂಬರಿನ ಅರ್ಜಿಯ ಪ್ರತಿ ತೆಗೆದು ನಿಮ್ಮ ಕೈಗೆ ಕೊಟ್ಟರು. ನೀವು ನಿಂತಲ್ಲೇ ಅದನ್ನು ಪೂರ್ತಿ ಓದಿದಿರಿ. ಅಷ್ಟು ಮರ್ಯಾದೆ ನಿಮಗೆ ಸಲ್ಲಬೇಕು. ಓದಿ ಅವರ ಹೆಗಲ ಮೇಲೆ ಕೈಯಿಟ್ಟು ಹೇಳಿದಿರಿ: “ನಿಮಗಿಂತ ತಜ್ಞರನ್ನು ನಾನು ಎಲ್ಲಿಂದ ತರಲಿ ಗೌಡರೇ? ನೀವೇ ನೋಡಿ, ನೀವೇ ವರದಿ ಕೊಡಿ. ನಿಮ್ಮ ಮಾತೇ ನಮಗೆ ಪ್ರಮಾಣ.” ಬಸ್ಸಿನಲ್ಲಿ ಇಡೀ ದಾರಿ ನನ್ನ ಗಂಡನ ಮುಖ ಹೊಳೆಯುತ್ತಿತ್ತು. ಶಾಲಿನ ಜೊತೆ ಗುಡ್ಡವನ್ನೂ ನಮ್ಮ ಹೆಗಲಿಗೆ ಹೊದಿಸಿ ಕಳಿಸಿದಿರೆಂದು ಆ ದಿನ ನಮಗೆ ಗೊತ್ತಾಗಲಿಲ್ಲ.

ಫೆಬ್ರವರಿಯಲ್ಲಿ ಅವರು ಬೇಣದ ಕೆಳಗಿನ ಇಳಿಜಾರಿನಲ್ಲಿ ಆಚೆ ಬಂಡೆಯಿಂದ ಈಚೆ ಬಂಡೆಯವರೆಗೆ ಹನ್ನೆರಡು ಬಿದಿರಿನ ಗೂಟ ಹೊಡೆದರು. ಕಾಣಲೆಂದು ತಲೆಗೆ ಕೆಂಪು ಬಟ್ಟೆ ಕಟ್ಟಿದರು. ವಾರದ ಆರು ದಿನ ಅಂಕೋಲೆಯ ಒಂದು ಬ್ಯಾಂಕಿನ ಬಾಗಿಲಲ್ಲಿ ಕಾವಲು, ಭಾನುವಾರ ಗೂಟದ ಸಾಲು. ಗೂಟ ಮುಟ್ಟಬೇಡಿ ಎಂದು ಮಂಗೇಶಣ್ಣನ ಅಂಗಡಿಯಲ್ಲಿ ಊರಿನ ಗಂಡಸರಿಗೆಲ್ಲ ಹೇಳಿದರು. ಅವರ ತಪ್ಪೂ ಅಲ್ಲೇ ಇದೆ. ಗುಡ್ಡಕ್ಕೆ ದಿನಾ ಹೋಗುವವರು ಗಂಡಸರಲ್ಲ, ದರಕು ಗುಡಿಸಿ ತರುವ ಹೆಂಗಸರು. ದರಕು ಎಂದರೆ ನಿಮ್ಮ ಕಚೇರಿಯಲ್ಲಿ ಕಸ, ನಮ್ಮ ಮನೆಯಲ್ಲಿ ಕೊಟ್ಟಿಗೆಗೆ ಹಾಸುವ, ಗೊಬ್ಬರವಾಗುವ ಒಣ ಎಲೆ. ಹನ್ನೆರಡು ಭಾನುವಾರ ನನ್ನ ಗಂಡ ಒಂದು ಕಣ್ಣು ಮುಚ್ಚಿ ನೋಡಿದರು. ಹನ್ನೆರಡು ಭಾನುವಾರವೂ ಸಾಲು ನೂಲು ಹಿಡಿದ ಹಾಗೆ ನೇರವಾಗಿತ್ತು. ಅವರಿಗೆ ಸೋಜಿಗವಾಯಿತು, ಸಂತೋಷವೂ ಆಯಿತು. ಕಂಡದ್ದನ್ನು ಕಂಡ ಹಾಗೆ ಬರೆಯುವವರು ಅವರು. ಮೇ ಹದಿನೆಂಟರಂದು ನಿಮಗೆ ಬರೆದುಕೊಟ್ಟರು: ಗೂಟಗಳು ಚಲಿಸಿಲ್ಲ. ನವೆಂಬರಿನ ಅರ್ಜಿಗೆ ಆರು ತಿಂಗಳಲ್ಲಿ ಉತ್ತರ ಕೊಡದ ಕಚೇರಿ ಈ ಕಾಗದಕ್ಕೆ ಒಂಬತ್ತೇ ದಿನದಲ್ಲಿ ಉತ್ತರಿಸಿತು. ಅಪಾಯವಿಲ್ಲ ಎನ್ನುವ ಕಾಗದಕ್ಕೆ ಎಷ್ಟು ಕಾಲುಗಳಿರುತ್ತವೆ ನೋಡಿ!

ನಿಮ್ಮ ಪತ್ರ ಬಂದದ್ದು ಒಂದು ಭಾನುವಾರದ ಹಿಂದಿನ ದಿನ. ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಗಂಡ ಅದನ್ನು ಗಟ್ಟಿಯಾಗಿ ಓದಿ ತಮ್ಮ ತಾಯಿಗೆ ಅರ್ಥ ಹೇಳಿದರು. ನನ್ನ ಅತ್ತೆಯ ಹೆಸರು ಬೀರಿ, ಪ್ರಾಯ ಎಪ್ಪತ್ತೆರಡು. ಜೀವಮಾನವಿಡೀ ಬಸಳೆ, ಹರಿವೆ ಬೆಳೆದು ಅಂಕೋಲೆ ಪೇಟೆಗೆ ಹೊತ್ತವರು. ದಾರಿಯಲ್ಲಿ ಯಾರದೇ ಬೇಲಿಯ ಗೂಟ ವಾಲಿದ್ದು ಕಂಡರೂ ಹೊರೆ ಇಳಿಸಿ, ಕಲ್ಲಿನಿಂದ ನಾಲ್ಕು ಪೆಟ್ಟು ಹೊಡೆದು, ನೆಟ್ಟಗೆ ಮಾಡದೆ ಮುಂದೆ ಹೋಗುವವರಲ್ಲ. ನಮ್ಮ ಕೇರಿಯ ಹಳೆಯ ಹೆಂಗಸರೆಲ್ಲ ಹಾಗೆಯೇ. ಸೊಟ್ಟ ಗೂಟ ಅವರಿಗೆ ಮನೆಯ ಮರ್ಯಾದೆಯ ಪ್ರಶ್ನೆ.

“ಗೂಟ ಒಂದೂ ಹಂದಾಡ್ಲಿಲ್ಲ ಅವ್ವಾ. ಗುಡ್ಡ ಗಟ್ಟಿ ಅದೆ,” ಎಂದರು ನನ್ನ ಗಂಡ.

“ಹಂದಾಡ್ಲಿಲ್ಲಾ? ಎಂತಾ ಗೂಟ ಹೊಡ್ದಿಯೋ ತಮಾ ನೀನು! ಬಸಳೆ ಚಪ್ರಕೂ ಆಗೂದಿಲ್ಲ. ನೆಟ್ಟಗೆ ಮಾಡಿ ಮಾಡಿ ನನ್ ಸೊಂಟ ಹೋಯ್ತು.”

“ಯಾವ ಗೂಟ?”

“ಅದೇ, ಕೆಂಪು ಬಟ್ಟೆದು. ನಡುವಿನ ನಾಕೈದು ಕೆಳಗೆ ಕೆಳಗೆ ಹೋಗ್ತವೆ. ದರಕಿಗೆ ಹೋದಾಗ ಕಿತ್ತು, ಸಾಲಿಗೆ ತಂದು ಹೊಡ್ದು ಬರ್ತೆ. ಮಿಲಿಟ್ರಿಯವ ಹೊಡ್ದ ಗೂಟ ಸೊಟ್ಟ ನಿಂತ್ರೆ ಊರ್ ಮಂದಿ ನೆಗಾಡೂದಿಲ್ವಾ?”

ನನ್ನ ಗಂಡ ಬಾಳೆಲೆ ಪಕ್ಕಕ್ಕೆ ಸರಿಸಿದರು. “ಎಷ್ಟ್ ದಿನಕ್ಕೊಂದ್ ಸಲ ಅವ್ವಾ?”

“ಮೊದ್ಲು ಎಂಟು ದಿನಕ್ಕೆ ಒಂದೋ ಎರಡೋ. ಆ ಎರಡ್ ಮಳೆ ಬಿದ್ದ ಮೇಲೆ ದಿನಾ.”

ಮಾನ್ಯರೇ, ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ನಾನಂತೂ ಆ ಮಾತು ಕೇಳಿದಂದಿನಿಂದ ನೆಮ್ಮದಿಯಾಗಿ ಒಂದು ತುತ್ತು ಉಂಡಿಲ್ಲ. ನನ್ನ ಗಂಡ ಎಂಜಲು ಕೈಯಲ್ಲೇ ಎದ್ದು ಗುಡ್ಡ ಹತ್ತಿದರು, ನಾನೂ ಹಿಂದೆ ಓಡಿದೆ. ನಡುವಿನ ಗೂಟದ ಕೆಳಗಿನ ಎಲೆ ಸರಿಸಿದಾಗ, ಅತ್ತೆ ಕಿತ್ತು ಮುಚ್ಚಿದ ಹಳೆಯ ಕುಳಿಗಳು ಒಂದರ ಕೆಳಗೊಂದು ಕಂಡವು. ಎಲ್ಲಕ್ಕಿಂತ ಕೆಳಗಿನದು, ಫೆಬ್ರವರಿಯಲ್ಲಿ ಸಾಲಿನಲ್ಲೇ ಇದ್ದದ್ದು, ಈಗ ಸಾಲಿನಿಂದ ಒಂದು ಮೊಳ ಕೆಳಗಿತ್ತು. ಗುಡ್ಡ ಮೂರೂವರೆ ತಿಂಗಳಲ್ಲಿ ಒಂದು ಮೊಳ ನಮ್ಮ ಕಡೆಗೆ ಬಂದಿದೆ. ನನ್ನ ಅತ್ತೆ ಮಗನ ಮಾನ ಕಾಯಲು ದಿನಾ ಅದನ್ನು ನೇರ ಮಾಡಿ ಮನೆಗೆ ಬಂದಿದ್ದಾರೆ. ನನ್ನ ಗಂಡ ಅಲ್ಲೇ ಹುಲ್ಲಿನ ಮೇಲೆ ಕೂತು ಬಹಳ ಹೊತ್ತು ಏಳಲಿಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು, ಮತ್ತು ಅವರು ಹೆದರಿದ್ದನ್ನು ನೋಡಿಯೇ ನಾನು ನಿಜವಾಗಿ ಹೆದರಿದೆ.

ಜೂನ್ ಎರಡಕ್ಕೆ ನಾವಿಬ್ಬರೂ ನಿಮ್ಮ ಕಚೇರಿಗೆ ಬಂದೆವು. ಹಳೆಯ ವರದಿ ಹಿಂಪಡೆಯುವ ಅರ್ಜಿ, ಕುಳಿಗಳ ಫೋಟೋ, ಅಳತೆ ಎಲ್ಲ ತಂದಿದ್ದೆವು. ನೀವು ಮಳೆಗಾಲದ ಪೂರ್ವಸಿದ್ಧತೆಯ ಸಭೆಯಲ್ಲಿದ್ದಿರಿ. ನಿಮ್ಮ ಸಿಬ್ಬಂದಿ ಅರ್ಜಿಯನ್ನು ಎರಡು ಬೆರಳಲ್ಲಿ ಹಿಡಿದು ಓದಿದರು. “ಹದಿನೆಂಟನೇ ತಾರೀಕಿಗೆ ಗುಡ್ಡ ಗಟ್ಟಿ ಅಂತೀರಿ, ಎರಡನೇ ತಾರೀಕಿಗೆ ಜಾರ್ತದೆ ಅಂತೀರಿ. ಪದಕ ತಗಂಡವ್ರು ಹಿಂಗ್ ಮಾಡಿದ್ರೆ ನಾವು ಯಾರ್ ಮಾತು ನಂಬೂದು ಗೌಡ್ರೇ?” ಎಂದರು. ಪಕ್ಕದ ಮೇಜಿನವರು ತಲೆಯೆತ್ತದೆ, “ಮುದುಕಿ ಗೂಟ ಕಿತ್ತದ್ದಕ್ಕೆಲ್ಲ ಫೈಲ್ ಓಪನ್ ಮಾಡೂಕಾಗ್ತದಾ?” ಎಂದರು. ಇಬ್ಬರೋ ಮೂವರೋ ನಕ್ಕರು. ಕೇಳಿದರೆ ನಗು ಬರುವ ಕತೆಯೇ ಅದು, ನಾನು ಒಪ್ಪುತ್ತೇನೆ. ಬೇರೆ ಊರಿನ ಗುಡ್ಡದ ಕತೆಯಾಗಿದ್ದರೆ ನಾನೂ ನಗುತ್ತಿದ್ದೆನೋ ಏನೋ. ನಾವು ಐದು ಗಂಟೆಯವರೆಗೆ ಬೆಂಚಿನ ಮೇಲೆ ಕೂತಿದ್ದೆವು. ಸಭೆ ಮುಗಿಸಿ ನೀವು ಇನ್ನೊಂದು ಬಾಗಿಲಿನಿಂದ ಹೋದಿರೆಂದು ಜವಾನರು ಹೇಳಿದರು.

ನಾನೀಗ ನಿಮ್ಮನ್ನು ಒಂದು ವಿಷಯ ಕೇಳಬೇಕು. ನನ್ನ ಗಂಡನ ಬಿರುಕಿನ ಅರ್ಜಿ ಓದುವಾಗ ಈ ಪದಕ ಎಲ್ಲಿತ್ತು? ಆಗ ಅವರು ಇಂಥ ಊರಿನ ಇಂಥವರ ಮಗ, ಸಾಮಾನ್ಯ ಅರ್ಜಿದಾರ. ಗುಡ್ಡ ಗಟ್ಟಿ ಎಂದು ಬರೆದ ಕೂಡಲೇ ಪದಕ ವಿಜೇತ, ಅನುಭವಿ, ತಜ್ಞ. ತಪ್ಪಾಯಿತು, ಗುಡ್ಡ ಜಾರುತ್ತಿದೆ ಎಂದ ಮರುಕ್ಷಣ ಮಾತು ಬದಲಿಸುವ ಮನುಷ್ಯ. ಒಂದೇ ಮನುಷ್ಯನ ಎದೆಯ ಮೇಲೆ ನಿಮ್ಮ ಕಚೇರಿ ಈ ಪದಕವನ್ನು ಎಷ್ಟು ಸಲ ಚುಚ್ಚಿ ಎಷ್ಟು ಸಲ ಕಿತ್ತಿತು? ತಾನು ಬರೆದದ್ದು ತಪ್ಪು ಎಂದು ತಾನೇ ಬಂದು ಹೇಳುವ ಮನುಷ್ಯನ ಮಾತಿಗೆ ತೂಕ ಹೆಚ್ಚಬೇಕೋ ಕಡಿಮೆಯಾಗಬೇಕೋ? ನಿಮ್ಮ ಕಚೇರಿಯಲ್ಲಿ ತಾವು ಬರೆದದ್ದು ತಪ್ಪು ಎಂದು ಹೀಗೆ ಬಸ್ಸು ಹತ್ತಿಕೊಂಡು ಹೇಳಲು ಹೋದವರು ಎಷ್ಟು ಜನರಿದ್ದಾರೆ?

ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ನನ್ನ ಗಂಡ ಹೇಳಿದರು: “ಆ ಕಣಿವೇಲಿ ನಾ ಬರೀ ಹೇಳ್ದೆ ಗಂಗೂ. ಕೇಳ್ದವ್ರು ಸಾಹೇಬ್ರು. ಪದಕ ಅವ್ರಿಗೆ ಸಿಗ್ಬೇಕಾಗಿತ್ತು.” ಮನೆಗೆ ಬಂದು, ಗೋಡೆಯ ಮೇಲಿದ್ದ ಪದಕದ ಪ್ರಶಸ್ತಿಪತ್ರದ ಚೌಕಟ್ಟು ಇಳಿಸಿ, ಅದರ ಗಾಜು ಬಿಚ್ಚಿದರು. ಗಾಜನ್ನು ಬೆರಳಗಲದ ಪಟ್ಟಿಗಳಾಗಿ ಕೊಯ್ದು, ನನ್ನ ಅಂಗನವಾಡಿಯ ಹಿಂಗೋಡೆಯಲ್ಲಿ ಹೊಸದಾಗಿ ಬಿದ್ದಿದ್ದ ಬಿರುಕಿಗೆ ಅಡ್ಡಲಾಗಿ ಮೂರು ಕಡೆ ಸಿಮೆಂಟಿನಿಂದ ಅಂಟಿಸಿದರು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. “ಇದನ್ನ ಯಾರೂ ನೆಟ್ಟಗೆ ಮಾಡೂಕಾಗೂದಿಲ್ಲ,” ಎಂದರು. ಅತ್ತೆ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡರು. ಆಮೇಲೆ ಅವರು ಗುಡ್ಡಕ್ಕೆ ಹೋಗಿಲ್ಲ, ದಾರಿಯ ಗೂಟಗಳನ್ನೂ ಮುಟ್ಟುತ್ತಿಲ್ಲ.

ನನ್ನ ಗಂಡ ಬ್ಯಾಂಕಿನ ಕಾವಲಿಗೆ ರಜೆ ಹಾಕಿದ್ದಾರೆ. ಹಗಲಿಡೀ ಬೇಣದ ಅಂಚಿನಲ್ಲಿ ಕೊಡೆ ಹಿಡಿದು, ಕುತ್ತಿಗೆಗೆ ಸೀಟಿ ಹಾಕಿಕೊಂಡು ಕೂರುತ್ತಾರೆ. ಕದ್ರಾದಲ್ಲಿ ಅಣೆಕಟ್ಟೆಯ ನೀರು ಬಿಡುವ ಮುಂಚೆ ಸೈರನ್ ಕೂಗಿಸುತ್ತಾರೆ, ಹೊಳೆದಂಡೆಯವರು ಏಳುತ್ತಾರೆ. ನಮಗೆ ಆ ಸೀಟಿಯೇ ಸೈರನ್. ಸೀಟಿ ಕೇಳಿದೊಡನೆ ಮಕ್ಕಳು ಎದ್ದು, ರಸ್ತೆ ದಾಟಿ, ಹಳ್ಳದ ಕಾಲುಸಂಕ ದಾಟಿ, ಆಚೆ ಬಂಡೆಯ ಮೇಲಿರುವ ರಾಮಣ್ಣನ ಮನೆಯ ಜಗಲಿ ಮುಟ್ಟಬೇಕು. ಇದನ್ನು ಆಟವೆಂದು ಹೇಳಿ ಕಲಿಸಿದ್ದೇವೆ. “ಅಕ್ಕೋರೆ, ಇವತ್ತು ಸೀಟಿ ಆಟ ಇಲ್ವಾ?” ಎಂದು ಮಕ್ಕಳು ಬಂದ ಕೂಡಲೇ ಕೇಳುತ್ತಾರೆ. ನನ್ನ ಸಹಾಯಕಿ ಕಾಶಿ ಎರಡು ಚಿಕ್ಕವನ್ನು ಸೊಂಟದ ಮೇಲೆ ಎತ್ತಿಕೊಳ್ಳುತ್ತಾಳೆ, ನಾನು ಎರಡನ್ನು. ಮೊದಲ ದಿನ ನಾಲ್ಕು ನಿಮಿಷ ಹಿಡಿಯಿತು. ಈಗ ಎರಡು ನಿಮಿಷ ಹತ್ತು ಸೆಕೆಂಡಿಗೆ ಬಂದಿದೆ. ಮೂರೂವರೆ ವರ್ಷದ ನಿಶಾ ಮಾತ್ರ ಬಾಗಿಲಲ್ಲಿ ಕೂತು ಚಪ್ಪಲಿ ಹಾಕಿಕೊಳ್ಳದೆ ಹೊರಡುವುದಿಲ್ಲ. ಹೊಸ ಚಪ್ಪಲಿ, ಎಡ ಬಲ ಅವಳಿಗೆ ಇನ್ನೂ ಸರಿಯಾಗಿ ಗೊತ್ತಾಗುವುದಿಲ್ಲ. ಎರಡು ನಿಮಿಷ ಹತ್ತು ಸೆಕೆಂಡು ಎಂದರೆ ನೂರಾ ಮೂವತ್ತು ಎಣಿಸುವಷ್ಟು ಹೊತ್ತು. ಗುಡ್ಡಕ್ಕೆ ಹನ್ನೊಂದು ಸಾಕು. ಅಂಗನವಾಡಿಯವಳಿಗೂ ಇಷ್ಟು ಲೆಕ್ಕ ಬರುತ್ತದೆ ಮಾನ್ಯರೇ.

ಹಾಗಾದರೆ ಕೇಂದ್ರವನ್ನೇ ರಾಮಣ್ಣನ ಜಗಲಿಗೆ ಒಯ್ಯಬಾರದೇ ಎಂದು ಓದುವವರು ಕೇಳುತ್ತಾರೆ. ಒಯ್ದೆ. ಜೂನ್ ನಾಲ್ಕು, ಐದು, ಎರಡು ದಿನ ಅಲ್ಲೇ ನಡೆಸಿದೆ. ಹಾಜರಿ ಹಾಕುವ ಮೊಬೈಲು ನಾನು ಬೇರೆ ಜಾಗದಲ್ಲಿದ್ದೇನೆಂದು ಮೇಲಿನವರಿಗೆ ಚಾಡಿ ಹೇಳಿತು. ಅನುಮತಿಯಿಲ್ಲದೆ ಕೇಂದ್ರ ಸ್ಥಳಾಂತರಿಸಿದ್ದೇಕೆ ಎಂದು ಕಾರಣ ಕೇಳಿ ನೋಟಿಸು ಬಂತು. ಗುಡ್ಡ ಎಂದು ಉತ್ತರ ಬರೆದೆ. ಗುಡ್ಡದಿಂದ ಅಪಾಯವಿಲ್ಲವೆಂದು ಸಂಬಂಧಪಟ್ಟ ಕಚೇರಿ ದೃಢಪಡಿಸಿದೆ, ಪದಕ ವಿಜೇತ ಮಾಜಿ ಸೈನಿಕರ ವರದಿ ಲಗತ್ತಿಸಿದೆ ಎಂದು ಮರು ಉತ್ತರ ಬಂತು. ನನ್ನ ಗಂಡನ ಸಹಿಯಿರುವ ಕಾಗದವನ್ನು ನನಗೇ ಅಂಟಿಸಿ ಕಳಿಸಿದ್ದರು! ಮಕ್ಕಳನ್ನು ಕರೆದುಕೊಂಡು ಮತ್ತೆ ಗುಡ್ಡದ ಬುಡಕ್ಕೆ ಬಂದೆ. ಬರಬಾರದಿತ್ತು ಎಂದು ನೀವು ಹೇಳಬಹುದು. ನಾನೂ ದಿನಾ ನನಗೆ ಹಾಗೆಯೇ ಹೇಳಿಕೊಳ್ಳುತ್ತೇನೆ. ಕೇಂದ್ರ ಮುಚ್ಚಿದರೆ ಮಕ್ಕಳು ಮಳೆಗಾಲವಿಡೀ ಹಾಲು, ಮೊಟ್ಟೆ ಇಲ್ಲದೆ ಅದೇ ಗುಡ್ಡದ ಬುಡದ ತಮ್ಮ ತಮ್ಮ ಮನೆಗಳಲ್ಲಿ ಇರುತ್ತಾರೆ, ಎಬ್ಬಿಸಿ ಓಡಿಸಲು ಸೀಟಿಯ ಆಟ ಗೊತ್ತಿದ್ದವರು ಯಾರೂ ಪಕ್ಕದಲ್ಲಿರುವುದಿಲ್ಲ.

ಊರಿನವರು ಯಾಕೆ ಏಳುತ್ತಿಲ್ಲ? ಅದಕ್ಕೂ ಪದಕವೇ ಕಾರಣ. ಮಂಗೇಶಣ್ಣ ಈಗ ತಮಾಷೆ ಮಾಡುವುದಿಲ್ಲ. “ಜಟ್ಟಣ್ಣ ಮೇಲೆ ಕೂತ್ಕಂಡ್ ನೋಡ್ತಾ ಅದಾನೆ, ಎಂತಾ ಹೆದ್ರೂದು? ಅಲ್ಲಿ ನೂರ್ ಮಂದಿ ಉಳ್ಸದವ ಇಲ್ಲಿ ನಮ್ಮನ್ನ ಬಿಡ್ತಾನಾ?” ಎನ್ನುತ್ತಾನೆ. ಇಪ್ಪತ್ತಾರು ಮನೆಯವರೂ ತಮ್ಮ ತಮ್ಮ ಹೆದರಿಕೆಯನ್ನು ಒಬ್ಬ ಮನುಷ್ಯನ ಕೈಗೆ ಕೊಟ್ಟು ಗದ್ದೆಗೆ ಹೋಗಿದ್ದಾರೆ, ಸಸಿಮಡಿ ಮಾಡುತ್ತಿದ್ದಾರೆ. ಆ ಮನುಷ್ಯನಿಗೆ ಐವತ್ತು. ಮಳೆಯಲ್ಲಿ ನೆನೆದು ನಾಲ್ಕು ದಿನದಿಂದ ಜ್ವರ. ಸೀಟಿ ಊದುವಷ್ಟು ಉಸಿರು ಉಳಿದಿರುತ್ತದೋ ಇಲ್ಲವೋ, ಗುಡ್ಡ ಮೊದಲು ಅವರನ್ನೇ ಒಯ್ಯುತ್ತದೋ ಎಂಬ ಯೋಚನೆ ಬಂದರೆ ಕೈಯಲ್ಲಿದ್ದ ಪಾತ್ರೆ ಕೆಳಗಿಡುತ್ತೇನೆ. ಯಾರ ಹೆಂಡತಿಗೂ ಬೇಡ ಈ ಹೆದರಿಕೆ.

ಮೊನ್ನೆ, ಜೂನ್ ಒಂಬತ್ತು, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮಕ್ಕಳು ಹಾಡು ಹೇಳುತ್ತಿದ್ದರು. ಬಳೆ ಒಡೆದ ಹಾಗೆ ಸಣ್ಣ ಸದ್ದಾಯಿತು. ಕಾಶಿ ತನ್ನ ಎರಡೂ ಕೈ ನೋಡಿಕೊಂಡಳು, ಬಳೆಗಳು ಸರಿಯಾಗಿದ್ದವು. ಆಮೇಲೆ ನನ್ನ ಮುಖ ನೋಡಿದಳು. ನಡುವಿನ ಗಾಜು ಎರಡು ತುಂಡಾಗಿತ್ತು. ನಾನು ಕಿರುಚಲಿಲ್ಲ. “ಮಕ್ಳೇ, ಸೀಟಿ ಆಟ!” ಎಂದೆ, ಸೀಟಿ ಇಲ್ಲದೆಯೇ. ಅವರು ಖುಷಿಯಿಂದ ಎದ್ದು ಓಡಿದರು. ನಿಶಾ ಚಪ್ಪಲಿ ಹಾಕಿಕೊಂಡಳು. ಆ ದಿನ ಗುಡ್ಡ ಬರಲಿಲ್ಲ.

ನನ್ನ ಆಗ್ರಹ ಇಷ್ಟೇ. ಈ ವಾರದೊಳಗೆ ನೀವು ಖುದ್ದಾಗಿ ಮಕ್ಕಿಕೊಪ್ಪಕ್ಕೆ ಬನ್ನಿ. ನನ್ನ ಗಂಡ ನಿಂತ ಜಾಗದಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಸಾಲು ನೋಡಿ. ಗೂಟಗಳನ್ನು ಈಗ ಯಾರೂ ನೆಟ್ಟಗೆ ಮಾಡುತ್ತಿಲ್ಲ, ನಿಮಗೂ ಕಾಣಿಸುತ್ತದೆ. ಕಂಡಮೇಲೆ ಅಂಗನವಾಡಿಯನ್ನು ರಾಮಣ್ಣನ ಜಗಲಿಗೆ ಒಯ್ಯಲು ಎರಡು ಸಾಲಿನ ಅನುಮತಿ ಬರೆದುಕೊಡಿ, ಮಳೆಗಾಲ ಮುಗಿಯುವವರೆಗೆ ಇಪ್ಪತ್ತಾರು ಮನೆಯವರಿಗೆ ಅಗಸೂರಿನಲ್ಲೋ ಬೇರೆಲ್ಲೋ ತಲೆ ಮೇಲೊಂದು ಸೂರು ಮಾಡಿಕೊಡಿ. ಸನ್ಮಾನ ಬೇಡ, ಹಾರ ಬೇಡ. ಜನವರಿಯ ಶಾಲು ವಾಪಸು ಬೇಕಿದ್ದರೆ ಮಡಿಚಿ ಇಟ್ಟಿದ್ದೇನೆ. ಪದಕವನ್ನು ಹಿಂತಿರುಗಿಸುವುದಿಲ್ಲ, ಅದು ನೀವು ಕೊಟ್ಟದ್ದಲ್ಲ. ಆದರೆ ನೀವು ಬಂದು, ನೋಡಿ, ಹತ್ತೊಂಬತ್ತು ಮಕ್ಕಳನ್ನು ಹಳ್ಳದಾಚೆ ದಾಟಿಸಿದರೆ ಅದನ್ನು ಟ್ರಂಕಿನಿಂದ ತೆಗೆದು ನಿಮ್ಮ ಅಂಗಿಗೆ ನಾನೇ ಚುಚ್ಚುತ್ತೇನೆ. ನನ್ನ ಗಂಡನನ್ನು ಕೇಳಿದ್ದೇನೆ, ಒಪ್ಪಿದ್ದಾರೆ. ಹೇಳಿದ್ದನ್ನು ಕೇಳಿಸಿಕೊಂಡವರಿಗೇ ಅದು ಸಲ್ಲಬೇಕೆಂದು ಅವರು ಮೊದಲಿನಿಂದಲೂ ಹೇಳುತ್ತಿದ್ದಾರೆ.

ನೀವು ಬರುವವರೆಗೆ ನನ್ನ ಕೈಲಾದ ವಿಪತ್ತು ನಿರ್ವಹಣೆ ನಾನು ಮಾಡಿದ್ದೇನೆ. ನಾಳೆಯಿಂದ ಬರಿಗಾಲಲ್ಲಿ ಬಾ ಎಂದು ನಿಶಾಗೆ ಹೇಳಿದ್ದೇನೆ. ಅವಳು ಅತ್ತಳು.

ಇಂತಿ,
ತಪ್ಪು ವರದಿ ಕೊಟ್ಟವರ ಹೆಂಡತಿ, ಗೂಟ ನೆಟ್ಟಗೆ ಮಾಡಿದವರ ಸೊಸೆ,
ಅನುಮತಿಯಿಲ್ಲದೆ ಹೆದರಿರುವ
ಗಂಗೂ ಜಟ್ಟ ಗೌಡ
ಅಂಗನವಾಡಿ ಕಾರ್ಯಕರ್ತೆ, ಮಕ್ಕಿಕೊಪ್ಪ
ಜೂನ್ 11

ಲಗತ್ತು: ಗಾಜಿನ ಪಟ್ಟಿ ಒಂದು, ಎರಡು ತುಂಡಾಗಿ. ತೆರೆಯುವಾಗ ಬೆರಳು ಜೋಪಾನ.